ಕೈಗೆ ಒಲಿಯದ ಕಸೂತಿ

ಧಾರವಾಡದ ಕಸೂತಿಯಲ್ಲಿ ಗಾವಂತಿ ಎಂಬುದೊಂದು ಹೊಲಿಗೆ. ಇದಕ್ಕೆ ಬಟ್ಟೆಯ ಮೇಲೆ ಮೊದಲೇ ನಕ್ಷೆ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆಗಳನ್ನು ಕಣ್ಣಿನಿಂದಲೇ ಎಣಿಸುತ್ತ ಸೂಜಿ ಮುಂದೆ ಸಾಗಬೇಕು. ಹೋಗುವಾಗ ದಾರ ಒಂದು ಹೆಜ್ಜೆ ಬಟ್ಟೆಯ ಮೇಲೆ ಕಾಣಿಸಿಕೊಂಡರೆ ಮುಂದಿನ ಹೆಜ್ಜೆ ಬಟ್ಟೆಯ ಕೆಳಗೆ ಮರೆಯಾಗುತ್ತದೆ. ಚಿತ್ತಾರದ ಕೊನೆ ಮುಟ್ಟಿ ಅದೇ ದಾರಿಯಲ್ಲಿ ಹಿಂದಿರುಗುವಾಗ, ಮೊದಲು ಖಾಲಿ ಬಿಟ್ಟ ಹೆಜ್ಜೆಗಳೆಲ್ಲ ಒಂದೊಂದಾಗಿ ತುಂಬಿಕೊಳ್ಳುತ್ತವೆ. ಸೂಜಿ ಹೊರಟ ಜಾಗಕ್ಕೇ ಬಂದು ಸೇರಿದಾಗ ಗೋಪುರವೋ ತುಳಸಿ ಕಟ್ಟೆಯೋ ಬಟ್ಟೆಯ ಎರಡೂ ಬದಿಗೆ ಒಂದೇ ತೆರನಾಗಿ ಮೂಡಿರುತ್ತದೆ. ಎಲ್ಲಿಯೂ ಗಂಟು ಹಾಕುವಂತಿಲ್ಲ. ದಾರದ ತುದಿಯನ್ನೂ ಹೊಲಿಗೆಯ ಒಳಗೇ ಅಡಗಿಸಬೇಕು. ಮುಂಬದಿಯ ಅಂದಕ್ಕಾಗಿ ಹಿಂಬದಿಯಲ್ಲಿ ಏನನ್ನಾದರೂ ಮುಚ್ಚಿಡುವ ಸೌಕರ್ಯ ಈ ಹೊಲಿಗೆಯಲ್ಲಿಲ್ಲ.

ಇಂಥ ಕೆಲಸದಲ್ಲಿ ತಪ್ಪು ಎಲ್ಲಿ ಆಗುತ್ತದೆ, ಎಲ್ಲಿ ಗೊತ್ತಾಗುತ್ತದೆ ಎಂಬುದನ್ನು ನಾವು ತುಸು ನಿಧಾನವಾಗಿ ನೋಡಬೇಕು. ಚಿತ್ತಾರದ ಬುಡದಲ್ಲಿ ಮೂರು ಎಳೆ ಹಿಡಿಯುವ ಕಡೆ ನಾಲ್ಕು ಹಿಡಿದರೆ ಆ ಕ್ಷಣಕ್ಕೆ ಏನೂ ತಿಳಿಯುವುದಿಲ್ಲ. ಹೊಲಿಗೆ ಮುಂದೆ ಹೋಗುತ್ತಲೇ ಇರುತ್ತದೆ. ನೋಡಿದವರು ಚೆನ್ನಾಗಿದೆ ಎನ್ನುತ್ತಾರೆ. ತಿರುಗಿ ಬರುವ ಹೊತ್ತಿಗೆ ಒಂದು ಗೆರೆ ಇನ್ನೊಂದನ್ನು ಕೂಡುವುದಿಲ್ಲ. ಗೋಪುರದ ಎಡಮಗ್ಗುಲು ಬಲಮಗ್ಗುಲಿಗಿಂತ ಒಂದೆಳೆ ಎತ್ತರ ನಿಂತಿರುತ್ತದೆ. ಅದನ್ನು ಸರಿಪಡಿಸಲು ಅಲ್ಲಿಂದ ಬುಡದವರೆಗೆ ಎಲ್ಲವನ್ನೂ ಬಿಚ್ಚಬೇಕು, ಬೇರೆ ದಾರಿಯಿಲ್ಲ. ಬಿಚ್ಚಿದ ಮೇಲೂ ಸೂಜಿ ಹಾದ ತೂತುಗಳು ಬಟ್ಟೆಯಲ್ಲಿ ಉಳಿಯುತ್ತವೆ.

ಹೀಗೆ ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿದ ಒಬ್ಬರನ್ನು ಹತ್ತಿರದಿಂದ ಕಂಡ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಮನಸ್ಸಿಟ್ಟು ಕೈಗೆತ್ತಿಕೊಂಡ ಕೆಲಸವೊಂದು ತನ್ನದಲ್ಲ ಎಂದು ತಿಳಿದು ಕೆಳಗಿಡುವುದು ಬದುಕಿನಲ್ಲಿ ಎಂಥ ಘಟನೆ? ಅದು ಬರೀ ನಷ್ಟವೇ? ಅಥವಾ ಕೆಲಸ ಕೈಗೂಡಿದವರಿಗೂ ಸುಲಭವಾಗಿ ಸಿಗದ ಒಂದು ಲಾಭ ಅದರಲ್ಲಿದೆಯೇ?

ನಮ್ಮ ಮನೆಗಳಲ್ಲಿ ಕೈಕೆಲಸ ಬಾರದಿರುವುದು ಸಣ್ಣ ಸಂಗತಿಯಾಗಿ ಎಂದೂ ಇರಲಿಲ್ಲ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳಿದಂತೆಯೇ ಹೊಲಿಗೆ, ಕಸೂತಿ ಬರುತ್ತದೆಯೇ ಎಂದೂ ಕೇಳುತ್ತಿದ್ದರು. ಮದುವೆಯ ಚಂದ್ರಕಾಳಿ ಸೀರೆಯ ಮೇಲೆ ತೇರು, ಆನೆ, ನವಿಲು, ತುಳಸಿ ಕಟ್ಟೆ ಮೂಡಿದ್ದರೆ ಅದನ್ನು ನೋಡುವ ಕಣ್ಣುಗಳು ಬಟ್ಟೆಯ ಜೊತೆಗೆ ಹುಡುಗಿಯ ಸಹನೆಯನ್ನೂ ಅಳೆಯುತ್ತಿದ್ದವು. ಕೈ ಚುರುಕಿಲ್ಲದವಳ ಸ್ವಭಾವದಲ್ಲೇ ಏನೋ ಕೊರತೆಯಿದೆ ಎಂದು ತೀರ್ಮಾನಿಸಲು ಯಾರೂ ಹಿಂಜರಿಯುತ್ತಿರಲಿಲ್ಲ. ಎಷ್ಟೋ ಹೆಣ್ಣುಮಕ್ಕಳು ಅಕ್ಕನೋ ಅತ್ತೆಯೋ ಹಾಕಿಕೊಟ್ಟ ಕಸೂತಿಯನ್ನು ತಮ್ಮದೆಂದು ತೋರಿಸಬೇಕಾದ ಸಂಕಟ ಅನುಭವಿಸಿದ್ದಾರೆ.

ಆ ಕಾಲ ಹೋಯಿತು ಎಂದು ನಾವು ನೆಮ್ಮದಿಪಡುತ್ತೇವೆ. ನಿಜವಾಗಿ ಹೋಗಿದೆಯೇ? ಇಂದು ಹುಡುಗಿಯನ್ನು ಯಾರೂ ಹಾಗೆ ಪರೀಕ್ಷಿಸುವುದಿಲ್ಲ, ಆದರೆ ಎಲ್ಲರೂ ಏನನ್ನಾದರೂ ಕೈಯಾರೆ ಮಾಡಬೇಕೆಂಬ ಹೊಸ ಒತ್ತಾಯವೊಂದು ಬಂದಿದೆ. ಮೊಬೈಲಿನ ಪರದೆಯ ಮೇಲೆ ಎರಡು ಕೈಗಳು ಕಾಣಿಸುತ್ತವೆ. ನೋಡನೋಡುತ್ತಿದ್ದಂತೆ ಹಳೆಯ ಬಾಟಲಿ ಹೂದಾನಿಯಾಗುತ್ತದೆ, ಸೀರೆಯ ತುಂಡು ಗೋಡೆಯ ಚಿತ್ರವಾಗುತ್ತದೆ. ಬಿಚ್ಚಿದ್ದು, ಹರಿದದ್ದು, ಅಂಟು ಹಿಡಿಯದೆ ಬಿದ್ದದ್ದು ಯಾವುದೂ ಅಲ್ಲಿ ಕಾಣುವುದಿಲ್ಲ. ಎಲ್ಲರೂ ಕಲಾವಿದರೇ, ಪ್ರಯತ್ನಿಸಿ ನೋಡಿ ಎಂಬ ಕರೆ ಕೇಳಲು ಉದಾರವಾಗಿದೆ. ಪ್ರಯತ್ನಿಸಿ ಸೋತವರಿಗೆ ಮಾತ್ರ ಅದರಲ್ಲಿ ಜಾಗವಿಲ್ಲ. ಎಲ್ಲರಿಗೂ ಬರುವುದಾದರೆ ನನಗೇಕೆ ಬರಲಿಲ್ಲ ಎಂಬ ಪ್ರಶ್ನೆಯೊಂದಿಗೆ ಅವರು ಒಂಟಿಯಾಗುತ್ತಾರೆ.

ನಾನು ಹತ್ತಿರದಿಂದ ಕಂಡದ್ದು ನಮ್ಮ ವೈನಿಯನ್ನು, ಅಣ್ಣನ ಹೆಂಡತಿಯನ್ನು. ಶಾಲೆಯಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದವರು. ಮಗಳ ಕುಬಸದ, ಎಂದರೆ ಸೀಮಂತದ, ಮಾತು ನಡೆದಾಗ, ಹುಟ್ಟುವ ಕೂಸಿಗೆ ಒಂದು ಕುಂಚಿಗೆಯನ್ನು ತಾವೇ ಕಸೂತಿ ಹಾಕಿ ಸಿದ್ಧಮಾಡಬೇಕೆಂದು ಅವರು ಮನಸ್ಸು ಮಾಡಿದರು. ಗುಳೇದಗುಡ್ಡದ ಖಣ ತಂದರು. ಓಣಿಯಲ್ಲಿ ಕಸೂತಿ ಹಾಕಿಯೇ ಸಂಸಾರ ನಡೆಸುವ ಹೆಣ್ಣುಮಗಳೊಬ್ಬಳನ್ನು ಕೇಳಿಕೊಂಡು, ಮಧ್ಯಾಹ್ನದ ಬೆಳಕಿನಲ್ಲಿ ಕಿಟಕಿಯ ಬಳಿ ಕುಳಿತು ಕಲಿಯತೊಡಗಿದರು. ಖಣದ ಎಳೆ ಕಣ್ಣಿಗೆ ಹತ್ತುವುದಿಲ್ಲವೆಂದಾಗ ಆಕೆ ಅದರ ಮೇಲೆ ಜಾಳಿಗೆ ಬಟ್ಟೆಯೊಂದನ್ನು ಕೂಡಿಸಿಕೊಟ್ಟಳು. ಅದರ ಕಣ್ಣುಗಳನ್ನು ಎಣಿಸುತ್ತ ಹೊಲಿದು, ಮುಗಿದ ಮೇಲೆ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದರೆ ಹೊಲಿಗೆ ಮಾತ್ರ ಖಣದ ಮೇಲೆ ಉಳಿಯುತ್ತದೆ. ಈಗ ಬಹಳ ಕಡೆ ನಡೆಯುವ ಕ್ರಮ ಇದೇ.

ಎಣಿಕೆಯ ತೊಡಕು ಅಲ್ಲಿಗೆ ತೀರಿತು, ನಿಜವಾದ ತೊಡಕು ಆಗ ಕಾಣಿಸಿತು. ತುಳಸಿ ಕಟ್ಟೆಯ ಚಿತ್ತಾರದಲ್ಲಿ ದಾರಿ ಒಂದೇ ಗೆರೆಯಲ್ಲಿ ಹೋಗುವುದಿಲ್ಲ, ಅಲ್ಲಲ್ಲಿ ಕವಲೊಡೆಯುತ್ತದೆ. ಪ್ರತಿ ಕವಲಿನಲ್ಲೂ ಮೊದಲು ಈ ಕೊಂಬೆಗೆ ಹೋಗಿ ಬರಬೇಕೋ, ನೇರ ಸಾಗಿ ತಿರುಗಿ ಬರುವಾಗ ಅದನ್ನು ಮುಗಿಸಬೇಕೋ ಎಂಬುದನ್ನು ಸೂಜಿ ಅಲ್ಲಿಗೆ ಮುಟ್ಟುವ ಮೊದಲೇ ಮನಸ್ಸು ನಿರ್ಧರಿಸಿರಬೇಕು. ಓಣಿಯ ಹೆಣ್ಣುಮಗಳಿಗೆ ಆ ನಿರ್ಧಾರ ಯೋಚನೆಯೇ ಆಗಿರಲಿಲ್ಲ. ಮಾತಾಡುತ್ತಲೇ, ಒಲೆಯ ಮೇಲಿನ ಹಾಲಿನ ಕಡೆ ಕಣ್ಣಿಡುತ್ತಲೇ ಅವಳ ಕೈ ಕವಲುಗಳನ್ನು ದಾಟುತ್ತಿತ್ತು. ವೈನಿ ಒಂದು ಕೊಂಬೆಯನ್ನು ನೆನಪಿಟ್ಟುಕೊಂಡರೆ ಇನ್ನೊಂದು ತಪ್ಪಿಹೋಗುತ್ತಿತ್ತು. ತಿರುಗಿ ಬಂದ ಸೂಜಿ ಹೊರಟ ಜಾಗಕ್ಕೆ ಸೇರದೆ ಎಲ್ಲೋ ನಡುವೆ ನಿಂತುಬಿಡುತ್ತಿತ್ತು. ಬಿಚ್ಚಿದ ಜಾಗದಲ್ಲಿ ಖಣದ ನೇಯ್ಗೆ ಜಾಳಾಯಿತು. ಹೊಸ ತುಂಡು ತಂದರು, ಅದೂ ಹಾಗೆಯೇ ಆಯಿತು.

ಒಂದು ಮಧ್ಯಾಹ್ನ ಅವರು ಬಟ್ಟೆಯನ್ನು ಮಡಚಿ ಆಕೆಯ ಕೈಗೆ ಕೊಟ್ಟರು. “ಇದು ನನ್ನ ಕೈಗೆ ಹತ್ತಂಗಿಲ್ಲವ್ವಾ. ಕುಬಸದೊಳಗ ನೀನೇ ಒಂದು ಹಾಕಿಕೊಡು” ಅಂದರು. ದನಿಯಲ್ಲಿ ನೋವಿರಲಿಲ್ಲ, ನಟನೆಯೂ ಇರಲಿಲ್ಲ. ಆಕೆ ಬಟ್ಟೆ ತೆಗೆದುಕೊಳ್ಳುತ್ತ, “ಅದಕ್ಯಾಕ ಮನಸಿಗೆ ಹಚ್ಕೋತೀರಿ ಬಾಯಾರ? ಎಲ್ಲಾರೂ ತಾವೇ ಹಾಕ್ಕೊಂಡ್ರ ನಮ್ಮ ಹೊಟ್ಟಿ ಹೆಂಗ ತುಂಬಬೇಕ್ರಿ?” ಎಂದಳು.

ಸಮಾಧಾನ ಹೇಳಲೆಂದು ಆಡಿದ ಈ ಮಾತಿನೊಳಗೆ ನಾವು ಮರೆತಿರುವ ಒಂದು ವಿಚಾರವಿದೆ. ಒಬ್ಬರ ಕೈಗೆ ಬಾರದ್ದು ಇನ್ನೊಬ್ಬರ ಕೈಗೆ ಬರುವುದರಿಂದಲೇ ಮನುಷ್ಯರು ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗುತ್ತಾರೆ. ಎಲ್ಲವನ್ನೂ ತಾನೇ ಮಾಡಿಕೊಳ್ಳಬಲ್ಲವನ ಮನೆಗೆ ಯಾವ ನೆರೆಯವರು ಬರಬೇಕು? ಅವನು ಯಾರ ಬಾಗಿಲಿಗೆ ಹೋಗಬೇಕು? ಸ್ವಾವಲಂಬನೆಯನ್ನು ನಾವು ಬಹಳ ದೊಡ್ಡ ಗುಣವೆಂದು ಹೊಗಳುತ್ತೇವೆ, ಅದು ದೊಡ್ಡದೂ ಹೌದು. ಆದರೆ ಇನ್ನೊಬ್ಬರ ನೈಪುಣ್ಯ ನಮಗೆ ಬೇಕೆಂದು ಒಪ್ಪಿಕೊಳ್ಳುವ ವಿನಯ ಅದಕ್ಕಿಂತ ಚಿಕ್ಕದೆಂದು ನನಗೆ ಅನ್ನಿಸುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಕಸೂತಿಗೆ ವರ್ಷಗಟ್ಟಲೆ ಸಾಧನೆ ಬೇಕು. ಕೆಲವು ತಿಂಗಳಲ್ಲಿ ಕೈಬಿಟ್ಟು ಇದು ನನ್ನದಲ್ಲ ಎನ್ನುವುದು ಸೋಮಾರಿತನಕ್ಕೆ ಕೊಟ್ಟ ಸಭ್ಯ ಹೆಸರಲ್ಲವೇ? ಹಾಡ್ತಾ ಹಾಡ್ತಾ ರಾಗ ಎಂಬ ಗಾದೆ ಇರುವುದು ಯಾತಕ್ಕೆ? ಈ ಮಾತಿಗೆ ತೂಕವಿದೆ. ನಮ್ಮಲ್ಲಿ ಅನೇಕರು ಮೊದಲ ತೊಡಕಿಗೇ ಬೆನ್ನು ತಿರುಗಿಸುವವರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗೆಯೇ ದಾರ ಸರಿಯಿಲ್ಲ, ಬೆಳಕು ಸಾಲದು, ಕಲಿಸುವವರಿಗೆ ತಾಳ್ಮೆಯಿಲ್ಲ ಎನ್ನುವವರೂ ಇದ್ದಾರೆ. ಇವರು ಯಾರೂ ಕೆಲಸ ತಮ್ಮದಲ್ಲವೆಂದು ಒಪ್ಪಿಕೊಂಡವರಲ್ಲ, ಒಪ್ಪಿಕೊಳ್ಳುವುದನ್ನು ತಪ್ಪಿಸಿಕೊಂಡವರು. ಹಾಗಾದರೆ ಬಿಟ್ಟುಹೋಗುವುದಕ್ಕೂ ತಿಳಿದು ಬಿಡುವುದಕ್ಕೂ ಅಂತರವನ್ನು ಹೇಗೆ ಗುರುತಿಸಬೇಕು?

ಬಿಚ್ಚುವ ಹೊತ್ತನ್ನು ನೋಡಬೇಕು ಎನ್ನುತ್ತೇನೆ. ಹೊಲಿಯುವ ಹೊತ್ತು ಎಲ್ಲರಿಗೂ ಹಿತವೇ. ಬಣ್ಣ ಕಣ್ಣಿಗೆ ತಂಪು, ಕೆಲಸ ಮುಂದೆ ಹೋಗುತ್ತಿರುವ ಸಂತೋಷ ಬೇರೆ. ಬಿಚ್ಚುವಾಗ ಮಾತ್ರ ಯಾರ ಒಲವು ಎಲ್ಲಿದೆ ಎಂಬುದು ಬಯಲಾಗುತ್ತದೆ. ಓಣಿಯ ಹೆಣ್ಣುಮಗಳು ತನ್ನ ಹೊಲಿಗೆ ಬಿಚ್ಚಬೇಕಾಗಿ ಬಂದಾಗ ಅವಳ ಮುಖದಲ್ಲಿ ಒಂದು ಕುತೂಹಲ ಕಾಣುತ್ತಿತ್ತು. ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಎಂದು ಬಟ್ಟೆಯನ್ನು ಕಣ್ಣಿನ ಹತ್ತಿರ ತಂದು ಹುಡುಕುವಳು. ತಪ್ಪು ಸಿಕ್ಕಾಗ ಏನೋ ಸಿಕ್ಕಂತೆ ಹೂಂಗುಟ್ಟುವಳು. ವೈನಿಗೆ ಬಿಚ್ಚುವುದೆಂದರೆ ಬರೀ ಬಿಚ್ಚುವುದು, ಯಾವಾಗ ಮುಗಿದೀತು ಎಂದು ಕಾಯುವುದು. ತನ್ನ ವಿದ್ಯಾರ್ಥಿಯ ತಪ್ಪು ಲೆಕ್ಕವನ್ನು ಹಿಡಿದು ಎಲ್ಲಿ ಎಡವಿದ್ದಾನೆಂದು ಸಂಜೆಯವರೆಗೂ ಹುಡುಕಬಲ್ಲ ಅದೇ ವೈನಿಗೆ ದಾರದ ತಪ್ಪನ್ನು ಹುಡುಕುವ ಆಸೆ ಹುಟ್ಟಲಿಲ್ಲ. ತಾಳ್ಮೆ ಅವರಲ್ಲಿ ಇತ್ತು. ಅದು ವಾಸಿಸುತ್ತಿದ್ದ ಜಾಗ ಬೇರೆ. ಯಾವ ಕೆಲಸದ ತಪ್ಪು ನಮ್ಮಲ್ಲಿ ಪ್ರಶ್ನೆಯನ್ನು ಎಬ್ಬಿಸುತ್ತದೆಯೋ ಆ ಕೆಲಸದಲ್ಲಿ ನಮಗೆ ಇನ್ನೂ ದೂರ ಹೋಗುವುದಿದೆ. ತಪ್ಪು ಬರೀ ಬೇಸರವನ್ನಷ್ಟೇ ತರುವುದಾದರೆ, ಕರ್ತವ್ಯವಾದರೆ ಅದನ್ನು ಮಾಡಿ ಮುಗಿಸೋಣ. ಕರ್ತವ್ಯವೂ ಅಲ್ಲದಿದ್ದಾಗ ಬೇರೆಯವರಿಗೆ ಒಪ್ಪಿಸಿ ಹಗುರಾಗುವುದರಲ್ಲಿ ಯಾವ ಅಪಮಾನ?

ಕೈಕೆಲಸವನ್ನು ಎಲ್ಲರಿಂದಲೂ ಬಯಸಿದ ಒಂದು ದೊಡ್ಡ ಪ್ರಯೋಗ ನಮ್ಮ ನೆಲದಲ್ಲೇ ಆರಂಭವಾಯಿತು. 1924ರ ಡಿಸೆಂಬರಿನ ಬೆಳಗಾವಿ ಅಧಿವೇಶನ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಕಾಂಗ್ರೆಸ್ ಅಧಿವೇಶನ. ಸದಸ್ಯತ್ವಕ್ಕೆ ಹಣದ ಬದಲು ನೂಲು ಕೊಡಬೇಕೆಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆ ದೊರೆಯಿತು: ತಿಂಗಳಿಗೆ 2,000 ಗಜದಂತೆ ವರ್ಷಕ್ಕೆ 24,000 ಗಜ, ತಾನೇ ನೂತದ್ದು, ಎಳೆ ಸಮನಾಗಿರಬೇಕು. ತಕಲಿ ಹಿಡಿದು ನೋಡಿದವರಿಗೆ ಆ ಕೊನೆಯ ಷರತ್ತಿನ ಭಾರ ಗೊತ್ತು. ಹತ್ತಿ ಎಳೆಯುವ ಬೆರಳು ತುಸು ಅವಸರ ಮಾಡಿದರೆ ನೂಲು ತೆಳುವಾಗಿ ಹರಿಯುತ್ತದೆ, ತುಸು ಅಂಜಿದರೆ ಗಂಟುಗಂಟಾಗಿ ದಪ್ಪವಾಗುತ್ತದೆ. ವಕೀಲರು, ವ್ಯಾಪಾರಿಗಳು, ಜಮೀನುದಾರರು ಎಲ್ಲರೂ ಅದಕ್ಕೆ ಕೂರಬೇಕಿತ್ತು.

ಈ ನಿಯಮದ ಒಂದು ಅಂಶ ನನಗೆ ಬಹಳ ಮಾನವೀಯವಾಗಿ ಕಾಣುತ್ತದೆ. ಕಾಯಿಲೆಯಿದ್ದರೆ, ಮನಸ್ಸಿಲ್ಲದಿದ್ದರೆ, ಅಂಥ ಬೇರೆ ಕಾರಣವಿದ್ದರೆ ಇನ್ನೊಬ್ಬರು ನೂತ ಅಷ್ಟೇ ನೂಲನ್ನು ಕೊಡಬಹುದೆಂದು ಅದರಲ್ಲೇ ಅವಕಾಶವಿತ್ತು. ಮನಸ್ಸಿಲ್ಲದಿರುವುದನ್ನೂ ಕಾಯಿಲೆಯ ಪಕ್ಕದಲ್ಲಿ ಕಾರಣವೆಂದು ಒಪ್ಪಿಕೊಂಡ ನಿಯಮವದು. ಪ್ರಯೋಗ ಬಹುಕಾಲ ನಿಲ್ಲಲಿಲ್ಲ. 1925ರಲ್ಲೇ ನಾಲ್ಕಾಣೆ ಕೊಟ್ಟೂ ಸದಸ್ಯರಾಗಬಹುದೆಂದು ತಿದ್ದುಪಡಿಯಾಯಿತು. ನೂಲಿನ ಲೆಕ್ಕದಲ್ಲಿ ನೋಡಿದರೆ ಇದು ಸೋಲು. ಆದರೆ ಗಾಂಧೀಜಿ ಬಯಸಿದ್ದು ನೂಲನ್ನು ಮಾತ್ರವೇ? ಓದಿದವರ ಕೈ, ನೂತು ಬದುಕುವ ಬಡವರ ಕೈಯ ಕೆಲಸವನ್ನು ಒಮ್ಮೆ ಮಾಡಿ ನೋಡಲಿ ಎಂಬುದೂ ಅವರ ಆಸೆಯಾಗಿತ್ತು. ಹರಿದ ನೂಲು ಅಳತೆಗೆ ಬರಲಿಲ್ಲ, ಸರಿ. ಹರಿದಾಗ ಬೆರಳಿಗೆ ತಿಳಿದದ್ದನ್ನು ಯಾವ ಗಜಕಡ್ಡಿಯಿಂದ ಅಳೆಯುವುದು? ಮುಂದೆ ಅದೇ ಸೀಮೆಯ ಗರಗ, ಬೆಂಗೇರಿಗಳಲ್ಲಿ ರಾಷ್ಟ್ರಧ್ವಜದ ಖಾದಿ ಸಿದ್ಧವಾಗತೊಡಗಿತು. ಅಳತೆ ತಪ್ಪಲೇಬಾರದ ಆ ಬಟ್ಟೆಯ ಹೊಣೆ ನುರಿತ ಕೈಗಳದ್ದಾಯಿತು. ಉಳಿದವರು ಆ ಬಾವುಟಕ್ಕೆ ತಲೆಬಾಗಿದರು. ಎರಡೂ ಕೆಲಸಗಳೇ ಅಲ್ಲವೇ?

ಶಕ್ತಿ ದೊಡ್ಡದೋ ಅಭ್ಯಾಸ ದೊಡ್ಡದೋ ಎಂಬ ಚರ್ಚೆಯನ್ನು ನಮ್ಮ ಕಾವ್ಯಮೀಮಾಂಸಕರು ಕಾವ್ಯದ ವಿಷಯದಲ್ಲಿ ಬಹಳ ಆಳವಾಗಿ ನಡೆಸಿದ್ದಾರೆ. ಕೈಕೆಲಸಕ್ಕೂ ಅದು ಅಷ್ಟೇ ಸಲ್ಲುತ್ತದೆ. ಹುಟ್ಟಿನಿಂದ ಬಂದ ಶಕ್ತಿ, ಲೋಕ ಮತ್ತು ಶಾಸ್ತ್ರಗಳ ಅರಿವಿನಿಂದ ಬಂದ ನಿಪುಣತೆ, ಬಲ್ಲವರ ಬಳಿ ಮಾಡಿದ ಅಭ್ಯಾಸ, ಈ ಮೂರೂ ಕೂಡಿಯೇ ಕಾವ್ಯಕ್ಕೆ ಕಾರಣವೆಂದು ಮಮ್ಮಟ ಹೇಳುತ್ತಾನೆ. ಅವನಿಗಿಂತ ಹಿಂದಿನ ದಂಡಿ ಇನ್ನಷ್ಟು ಕರುಣಾಳು. ಅವನ ಕಾವ್ಯಾದರ್ಶವನ್ನು ಆಧರಿಸಿಯೇ ನಮ್ಮ ಕವಿರಾಜಮಾರ್ಗ ಹೊರಟಿತಾದ್ದರಿಂದ ದಂಡಿ ಕನ್ನಡಿಗರಿಗೆ ಹೊರಗಿನವನಲ್ಲ. ಸಹಜವಾದ ಪ್ರತಿಭೆ ಇಲ್ಲದಿದ್ದರೂ ಓದು ಮತ್ತು ಪ್ರಯತ್ನದಿಂದ ಸೇವಿಸಿದವನಿಗೆ ಸರಸ್ವತಿ ಏನಾದರೊಂದು ಅನುಗ್ರಹವನ್ನು ಮಾಡಿಯೇ ಮಾಡುತ್ತಾಳೆ ಎಂಬುದು ಅವನ ಭರವಸೆ.

ಏನಾದರೊಂದು ಎಂದರೆ ಯಾವುದು? ಮಹಾಕವಿಯಾಗುತ್ತಾನೆ ಎಂದು ಅವನು ಹೇಳುವುದಿಲ್ಲ. ಕವಿತ್ವ ಸೊರಗಿದ್ದರೂ ಶ್ರಮಪಟ್ಟವರು ರಸಿಕರ ಗೋಷ್ಠಿಗಳಲ್ಲಿ ಸಲೀಸಾಗಿ ಸಂಚರಿಸಬಲ್ಲರು ಎಂಬುದೇ ಆ ಅನುಗ್ರಹದ ವಿವರಣೆ. ಎಷ್ಟು ಕಟ್ಟುನಿಟ್ಟಾದ, ಎಷ್ಟು ಪ್ರಾಮಾಣಿಕವಾದ ಭರವಸೆ ಇದು! ಎಲ್ಲರೂ ಕಲಾವಿದರೇ ಎಂದು ನಮ್ಮನ್ನು ಹುರಿದುಂಬಿಸಿ ಕೈಬಿಡುವ ಇಂದಿನ ಮಾತಿಗಿಂತ ಇದು ನನಗೆ ಹೆಚ್ಚು ಪ್ರಿಯ. ಪಟ್ಟ ಶ್ರಮ ಕೈಗೆ ಕೌಶಲವಾಗಿ ಇಳಿಯದಿದ್ದರೆ ಕಣ್ಣಿಗೆ ಸಂಸ್ಕಾರವಾಗಿ ಇಳಿಯುತ್ತದೆ. ಅಭಿನವಗುಪ್ತ ಸಹೃದಯನನ್ನು ವಿವರಿಸುವಾಗಲೂ ಅಭ್ಯಾಸದ ಮಾತನ್ನೇ ಎತ್ತುತ್ತಾನೆ. ಕಾವ್ಯದ ಬಿಡದ ಪರಿಶೀಲನೆಯಿಂದ ಯಾರ ಮನಸ್ಸಿನ ಕನ್ನಡಿ ನಿರ್ಮಲವಾಗಿದೆಯೋ ಅವನು ಸಹೃದಯ. ಅಂದರೆ ಸಹೃದಯತೆಯೂ ಕಷ್ಟಪಟ್ಟು ಪಡೆಯಬೇಕಾದ ಒಂದು ಯೋಗ್ಯತೆ. ಮಾಡಲಾರದವರಿಗೆ ಕೊಟ್ಟ ಸಮಾಧಾನದ ಬಹುಮಾನವೆಂದು ಅವನು ಅದನ್ನು ಭಾವಿಸಿರಲಿಲ್ಲ. ತನ್ನ ಲೋಚನ ವ್ಯಾಖ್ಯಾನದ ಮೊದಲಲ್ಲೇ ಅವನು ಕವಿಯನ್ನೂ ಸಹೃದಯನನ್ನೂ ಕೂಡಿಸಿಯೇ ಸರಸ್ವತಿಯ ತತ್ತ್ವವೆಂದು ಕರೆದು ಜಯಕಾರ ಹೇಳಿದ್ದಾನೆ.

ನಮ್ಮವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರು ನೆನಪಾಗುತ್ತಾರೆ. ಮಂಗಳೂರಿನಲ್ಲಿ ಹುಟ್ಟಿ, ರಂಗಭೂಮಿಯಲ್ಲೂ ಸ್ವಾತಂತ್ರ್ಯ ಹೋರಾಟದಲ್ಲೂ ದುಡಿದ ಅವರು 1952ರಲ್ಲಿ ಆರಂಭವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದರು. ಮಗ್ಗದಿಂದಲೋ ಸೂಜಿಯಿಂದಲೋ ಅನ್ನ ಸಂಪಾದಿಸಿದವರಲ್ಲ ಅವರು. ಆದರೆ ದೇಶದ ಮೂಲೆಮೂಲೆಯ ನೇಕಾರ, ಕುಂಬಾರ, ಕಸೂತಿಗಾರ್ತಿಯರ ಕೆಲಸವನ್ನು ಗುರುತಿಸಿದ ಕಣ್ಣು ಅವರದು. ಆ ಕಣ್ಣಿಲ್ಲದೆ ಎಷ್ಟು ಕೈಗಳು ಸುಮ್ಮನಾಗಿಬಿಡುತ್ತಿದ್ದವೋ ಯಾರು ಬಲ್ಲರು? ಕೈಯೂ ಕಣ್ಣೂ ಒಂದೇ ದೇಹದಲ್ಲಿ ಇರಬೇಕೆಂಬ ಹಟ ಏಕೆ?

ಕುಬಸಕ್ಕೆ ಮುಂಚೆ ಕುಂಚಿಗೆ ಸಿದ್ಧವಾಗಿ ಬಂದಿತು. ಮನೆಯವರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದರು. ಬಣ್ಣ ಚೆನ್ನಾಗಿದೆ ಎಂದರು, ತುಳಸಿ ಕಟ್ಟೆ ಎಷ್ಟು ಮುದ್ದಾಗಿದೆ ಎಂದರು. ವೈನಿಯ ಸರದಿ ಬಂದಾಗ ಅವರು ಮೊದಲು ಮಾಡಿದ ಕೆಲಸ, ಅದನ್ನು ಒಳಮಗ್ಗುಲು ತಿರುಗಿಸಿದ್ದು. ಕಟ್ಟೆಯ ಬುಡದಿಂದ ಬೆರಳಿಟ್ಟು, ದಾರ ಎಲ್ಲಿ ಹೊರಟಿತು, ಯಾವ ಕವಲಿಗೆ ಮೊದಲು ಹೋಯಿತು, ಎಲ್ಲಿ ತಿರುಗಿತು ಎಂದು ಹುಡುಕುತ್ತ ಹೋದರು. ತಾವು ಪ್ರತಿಸಲವೂ ದಾರಿ ತಪ್ಪುತ್ತಿದ್ದ ಕಡೆ ಬೆರಳು ನಿಂತಿತು. “ಇಲ್ಲಿ ಮ್ಯಾಲಿನ ಎಸಳು ಮೊದಲು ಮುಗಿಸ್ಯಾಳ ನೋಡು” ಎಂದು ತಮಗೆ ತಾವೇ ಹೇಳಿಕೊಂಡರು. ತುದಿ ಎಲ್ಲಿ ಅಡಗಿದೆ ಎಂದು ಕೊನೆಗೂ ಅವರಿಗೆ ಸಿಗಲಿಲ್ಲ. ಅದಕ್ಕೆ ಅವರ ಮುಖ ಅರಳಿದ್ದನ್ನು ನಾನು ಕಂಡೆ. ಆ ಕೋಣೆಯಲ್ಲಿ ಹತ್ತು ಜನರಿದ್ದರು. ಆ ಕುಂಚಿಗೆಯನ್ನು ಪೂರ್ತಿಯಾಗಿ ನೋಡಿದವರು ಅವರೊಬ್ಬರೇ.

ಹೊಲಿಗೆಯ ಕೂಲಿ ಎಷ್ಟೆಂದು ಕೇಳಿ, ಅದಕ್ಕೆ ಇನ್ನಷ್ಟು ಸೇರಿಸಿ ಕೊಟ್ಟರು. ಚೌಕಾಶಿ ಮಾಡುವುದರಲ್ಲಿ ಮನೆಯಲ್ಲೇ ಎತ್ತಿದ ಕೈ ಎನಿಸಿದ ವೈನಿಯ ನಾಲಿಗೆಯಿಂದ ಆವತ್ತು ಒಂದು ಮಾತೂ ಬರಲಿಲ್ಲ. ಇಂದು ಪೇಟೆಯಲ್ಲಿ ಇಳಕಲ್ ಸೆರಗಿನ ಮೇಲೆ ಯಂತ್ರದಿಂದ ಹಾಕಿದ ಚಿತ್ತಾರ ಕಸೂತಿಯೆಂದೇ ಮಾರಾಟವಾಗುತ್ತದೆ. ದೂರದಿಂದ ನೋಡಿದರೆ ಭೇದ ಕಾಣದು. ಸೆರಗನ್ನು ತಿರುಗಿಸಿದರೆ ಒಳಗೆ ದಾರದ ಗೋಜಲು, ಅದನ್ನು ಮುಚ್ಚಲು ಹಚ್ಚಿದ ಅಂಟುಬಟ್ಟೆ. ಯಂತ್ರದ ಕೆಲಸ ಬೇಡವೆಂದು ಯಾರೂ ಹೇಳುವುದಿಲ್ಲ. ಕಡಿಮೆ ಬೆಲೆಗೆ ಚೆಂದದ ಸೀರೆ ಉಡುವ ಹಕ್ಕು ಎಲ್ಲರಿಗೂ ಇದೆ. ಆದರೆ ಅದರ ಬೆಲೆಯನ್ನು ಹಿಡಿದುಕೊಂಡು ಹೋಗಿ ಓಣಿಯ ಹೆಣ್ಣುಮಗಳ ಮುಂದೆ, ಅಂಗಡಿಯಲ್ಲಿ ಇಷ್ಟಕ್ಕೇ ಸಿಗುತ್ತದಲ್ಲ ಎನ್ನುವವರಿದ್ದಾರಲ್ಲ, ಅವರು ಒಮ್ಮೆಯಾದರೂ ಸೂಜಿ ಹಿಡಿದು ಸೋತಿದ್ದರೆ ಆ ಮಾತು ಬಾಯಿಗೆ ಬರುತ್ತಿತ್ತೇ? ಮಕ್ಕಳಿಗೆ ಶಾಲೆಯಲ್ಲಿ ಕರಕುಶಲದ ತರಗತಿ ಇರಬೇಕೆಂದು ನಾನು ಬಯಸುವುದು ಎಲ್ಲರೂ ಕುಶಲಿಗಳಾಗಲಿ ಎಂದಲ್ಲ. ಹೆಚ್ಚಿನವರು ಅಲ್ಲಿ ಸೋಲುತ್ತಾರೆ, ಸೋಲಲಿ. ಅಂಕ ಕೊಟ್ಟು ಆ ಸೋಲನ್ನು ಕಹಿ ಮಾಡದಿದ್ದರೆ ಸಾಕು.

ಇಷ್ಟು ಹೇಳಿದ ಮೇಲೆ ನನ್ನನ್ನು ಕಾಡುವ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ವಿಚಾರ ಅರ್ಧಕ್ಕೇ ನಿಲ್ಲುತ್ತದೆ. ಓಣಿಯ ಆ ಹೆಣ್ಣುಮಗಳಿಗೆ ಒಬ್ಬಳು ಮಗಳಿದ್ದಾಳೆ, ಬಿ.ಕಾಂ. ಓದುತ್ತಿದ್ದಾಳೆ. “ಅಕಿಗೆ ಸೂಜಿ ಹಿಡಿಯೂ ಮನಸೇ ಇಲ್ರಿ ಬಾಯಾರ” ಎಂದು ತಾಯಿ ಒಮ್ಮೆ ವೈನಿಯ ಬಳಿ ಹೇಳಿದಳು. ಹೇಳುವಾಗ ದನಿ ಇಳಿದಿತ್ತು. ಅಜ್ಜಿಯಿಂದ ತಾಯಿಗೆ ಬಂದ ವಿದ್ಯೆ ಇಲ್ಲಿಗೆ ನಿಲ್ಲಬಹುದು. ಇಂಥದ್ದನ್ನು ಕೇಳಿದಾಗ ನಾವು ಕೂಡಲೇ ಕಲೆ ಅಳಿಯುತ್ತಿದೆ ಎಂದು ಮರುಗುತ್ತೇವೆ. ಇಂದಿನ ಮಕ್ಕಳಿಗೆ ಪರಂಪರೆ ಬೇಡ ಎನ್ನುತ್ತೇವೆ. ವೈನಿ ಬಟ್ಟೆ ಮಡಚಿ ಕೊಟ್ಟಾಗ ನಮಗೆ ಅದು ತಿಳಿವಳಿಕೆಯಾಗಿ ಕಂಡಿತು. ಕೈಯಲ್ಲಿ ಪಿಂಚಣಿ ಇದ್ದವರು ಇದು ನನ್ನದಲ್ಲ ಎಂದರೆ ಅದು ಒಪ್ಪಿಗೆ, ಕುಶಲಿಯ ಮನೆಯಲ್ಲಿ ಹುಟ್ಟಿದ ಹುಡುಗಿ ಅದೇ ಮಾತು ಆಡಿದರೆ ಅದು ಉದಾಸೀನವೇ? ಕಸೂತಿಯ ಮನೆಯಲ್ಲಿ ಹುಟ್ಟಿದ್ದರಿಂದ ಮಾತ್ರ ಅವಳ ಕೈಗೆ ಅದು ಒಲಿಯಲೇಬೇಕೆಂದು ಹೇಳುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಅವಳಿಗೆ ನಿಜವಾಗಿ ಒಲವಿಲ್ಲವೋ, ಅಥವಾ ಬೆಳಕಿರುವವರೆಗೂ ಕಣ್ಣು ಸವೆಸಿದ ತಾಯಿಯ ಕೈಗೆ ಬರುವ ಹಣವನ್ನು ಎಣಿಸಿ ನೋಡಿಯೇ ಅವಳು ಮನಸ್ಸನ್ನು ದೂರ ಮಾಡಿಕೊಂಡಿದ್ದಾಳೋ ನಮಗೆ ತಿಳಿಯದು. ಮೊದಲನೆಯದಾಗಿದ್ದರೆ ಅವಳನ್ನು ಹರಸಿ ಬಿಡಬೇಕು. ಎರಡನೆಯದಾಗಿದ್ದರೆ ಆ ಲೆಕ್ಕದಲ್ಲಿ ನಾವೂ ಇದ್ದೇವೆ, ನಾವು ಕೊಟ್ಟ ಕೂಲಿಯೂ ಕಡಿತ ಮಾಡಿದ ಕೂಲಿಯೂ ಇದೆ. ವೈನಿ ಈಗ ಕುಬಸ, ಮುಂಜಿವೆ, ಮದುವೆ ಎಂದು ಯಾರು ಕೇಳಿದರೂ ಅದೇ ಮನೆಯ ವಿಳಾಸ ಹೇಳುತ್ತಾರೆ. ಎಷ್ಟು ತಿಂಗಳು ಮೊದಲೇ ಹೇಳಬೇಕು, ಎಷ್ಟು ಮುಂಗಡ ಕೊಡಬೇಕು ಎಂಬುದನ್ನೂ ಕೂಡಿಸಿಯೇ ಹೇಳಿಕಳಿಸುತ್ತಾರೆ.